ಊಟ ಹಾಕಿದವನಿಗೆ ದಂಡ, ಸೋತವನಿಗೆ ಕೋರ್ಟು!

ವಾರ್ಡು ಚುನಾವಣೆ ಬಂತೆಂದರೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲೂ ಭದ್ರಾವತಿಯ ಹಳೇನಗರದಲ್ಲೂ ಒಂದೇ ಮಾತು: ‘ಪ್ರಚಾರ ನ್ಯಾಯವಾಗಿ ನಡೀತಿಲ್ಲ ಕಣ್ರೀ.’ ಒಬ್ಬ ಸೀರೆ ಹಂಚಿದನಂತೆ, ಇನ್ನೊಬ್ಬ ಬಾಡೂಟ ಹಾಕಿಸಿದನಂತೆ, ಮತ್ತೊಬ್ಬನ ಮೈಕು ಮಕ್ಕಳು ಮಲಗಿದ ಮೇಲೂ ಕಿರುಚಿತಂತೆ. ಇಂಥ ದೂರು ಅಂಗಡಿ ಕಟ್ಟೆಯಲ್ಲಿ ಹುಟ್ಟುತ್ತದೆ, ಬಸ್ಸಿನಲ್ಲಿ ಬೆಳೆಯುತ್ತದೆ, ಮತ ಎಣಿಕೆಯ ದಿನ ಸಾಯುತ್ತದೆ.

ಎರಡೂ ಊರಿನಲ್ಲಿ 35 ವಾರ್ಡುಗಳು. ಶಿವಮೊಗ್ಗ ಮಹಾನಗರ ಪಾಲಿಕೆಗೆ 2018ರ ಆಗಸ್ಟ್ 31ರಂದು ಮತದಾನ ನಡೆಯಿತು. ಬಿಜೆಪಿಗೆ 20, ಕಾಂಗ್ರೆಸ್ಸಿಗೆ 7, ಜೆಡಿಎಸ್‌ಗೆ 2 ಸ್ಥಾನ. ಪಕ್ಷೇತರರು ಹಾಗೂ ಇತರರು 6. ಭದ್ರಾವತಿ ನಗರಸಭೆಯ 34 ವಾರ್ಡುಗಳಿಗೆ 2021ರ ಏಪ್ರಿಲ್ 27ರಂದು ಮತದಾನ. ಅಲ್ಲಿ ಕಾಂಗ್ರೆಸ್ 18, ಜೆಡಿಎಸ್ 11, ಬಿಜೆಪಿ 4, ಪಕ್ಷೇತರ ಒಬ್ಬರೇ ಒಬ್ಬರು.

ಆ ಭದ್ರಾವತಿ ಚುನಾವಣೆ ಕೊರೋನಾ ಎರಡನೇ ಅಲೆಯ ನಡುವೆ ಬಂತು. ಮತದಾನಕ್ಕೆ ಮುಂಚಿನ ಶನಿವಾರ, ಭಾನುವಾರ ರಾಜ್ಯಕ್ಕೆಲ್ಲ ವಾರಾಂತ್ಯದ ಕರ್ಫ್ಯೂ. ಮತದಾನದ ದಿನ ರಾತ್ರಿ 9ಕ್ಕೆ ಇಡೀ ರಾಜ್ಯಕ್ಕೇ ಬೀಗ. ಕಾನೂನು ಎಲ್ಲರಿಗೂ ಒಂದೇ, ಸರಿ. ಆದರೆ ಪಕ್ಷದ ಚಿಹ್ನೆ, ಹಳೇ ಹೆಸರು ಇದ್ದವನಿಗೆ ಮನೆಯಲ್ಲಿ ಕೂತರೂ ಪ್ರಚಾರ. ಮನೆ ಮನೆ ತಿರುಗಿಯೇ ಮುಖ ತೋರಿಸಬೇಕಾದ ಹೊಸಬನಿಗೆ ಕಾಲೇ ಕಟ್ಟಿದ ಹಾಗೆ. ನ್ಯಾಯ ಅನ್ನೋದು ಬರೀ ನಿಯಮದಲ್ಲಿಲ್ಲ, ಯಾರ ಕೈಯಲ್ಲಿ ಏನಿದೆ ಅನ್ನೋದರಲ್ಲೂ ಇದೆ.

ನಿಯಮಕ್ಕೇನೂ ಬರಗಾಲವಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಸಿಕ್ಕ ಗೋಡೆಗೆಲ್ಲ ಪೋಸ್ಟರು ಅಂಟಿಸುವುದಕ್ಕೆ 1981ರ ಕಾಯಿದೆಯೇ ಅಡ್ಡ ಇದೆ. ಮತಕ್ಕಾಗಿ ಲಂಚ ಕೊಟ್ಟರೂ ತಪ್ಪು, ತಗೊಂಡರೂ ತಪ್ಪು. ಒಂದು ವರ್ಷದವರೆಗೆ ಜೈಲಾಗಬಹುದು. ಆದರೆ ತಮಾಷೆ ನೋಡಿ: ಲಂಚ ಊಟ, ಪಾನೀಯ, ಮನರಂಜನೆಯ ರೂಪದಲ್ಲಿದ್ದರೆ ಬರೀ ದಂಡ! ಹಳೇ ದಂಡ ಸಂಹಿತೆಯಲ್ಲೂ ಹೀಗೇ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹೀಗೇ ಇದೆ. ಬಿರಿಯಾನಿಗೆ ಜೈಲಿಲ್ಲ. ಸಾಲದ್ದಕ್ಕೆ ಇದು ಪೊಲೀಸರು ತಾವಾಗಿ ತನಿಖೆಗೆ ಇಳಿಯಬಹುದಾದ ಅಪರಾಧವಲ್ಲ; ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಅಪ್ಪಣೆ ಬರುವಷ್ಟರಲ್ಲಿ ಎಲೆ ಎತ್ತಿ ಆಗಿರುತ್ತದೆ.

ಸೋತವನು ಏನು ಮಾಡಬೇಕು? ಸಂವಿಧಾನದ 243 ಝೆಡ್‌ಜಿ ವಿಧಿಯ ಪ್ರಕಾರ ಚುನಾವಣಾ ತಕರಾರು ಅರ್ಜಿಯ ದಾರಿ ಬಿಟ್ಟು ಬೇರೆ ರೀತಿಯಲ್ಲಿ ಪುರಸಭೆ, ಪಾಲಿಕೆ ಚುನಾವಣೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ಅಂದರೆ ಫಲಿತಾಂಶ ಬರಬೇಕು, ವಕೀಲರನ್ನು ಹಿಡಿಯಬೇಕು, ಸಾಕ್ಷಿ ಜೋಡಿಸಬೇಕು. ಸಭೆಯ ಅವಧಿ ಐದೇ ವರ್ಷ. ಪ್ರಚಾರದಲ್ಲೇ ಕೈ ಖಾಲಿ ಮಾಡಿಕೊಂಡವನು ಅಷ್ಟು ದೂರ ಓಡಿಯಾನೆ?

ಹಾಗಾಗಿ ದೂರಿಗೆ ಬೆಲೆ ಇರೋದು ಮತದಾನಕ್ಕೆ ಮುಂಚೆ, ಅದೂ ಕಾಗದದ ಮೇಲಿದ್ದರೆ ಮಾತ್ರ. ‘ಎಲ್ಲಾ ಹಂಚ್ತಾ ಇದಾರೆ’ ಅಂದರೆ ಯಾವ ಚುನಾವಣಾಧಿಕಾರಿಗೂ ಏನೂ ಮಾಡಲಾಗದು. ಯಾವ ಬೀದಿ, ಯಾವ ದಿನ, ಎಷ್ಟು ಗಂಟೆ ಎಂದು ಬರೆದುಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡರೆ ಅದು ಮುಂದೆ ಕೋರ್ಟಿಗೂ ಸಾಕ್ಷಿ. ಅಂಗಡಿಯವರ ಪಾಲೂ ಇದೆ. ಅಭ್ಯರ್ಥಿ ಖರ್ಚಿನ ಲೆಕ್ಕ ಒಪ್ಪಿಸಲೇಬೇಕು. ಪೆಂಡಾಲು, ಮೈಕು, ಕರಪತ್ರಕ್ಕೆ ಬಿಲ್ಲು ಹರಿದುಕೊಟ್ಟರೆ ಅದು ಲೆಕ್ಕಕ್ಕೆ ಬರುತ್ತದೆ. ಬಿಲ್ಲಿಲ್ಲದ ಪೆಂಡಾಲು ಬಿಸಿಲಿಗೆ ನೆರಳು ಕೊಡುತ್ತೆ, ಅಭ್ಯರ್ಥಿಗೂ ನೆರಳು ಕೊಡುತ್ತೆ.

ಇದು ಯಾರೋ ದೊಡ್ಡವರ ಜಗಳ ಅಲ್ಲ. ಚರಂಡಿ, ನಲ್ಲಿ, ಬೀದಿದೀಪ, ಅಂಗಡಿಯ ಪರವಾನಗಿ ಎಲ್ಲಾ ಹೋಗೋದು ಈ 35 ಜನರ ಮುಂದೆಯೇ. ಒಂದು ಹೊತ್ತಿನ ಊಟಕ್ಕೆ ಐದು ವರ್ಷದ ಚರಂಡಿ ಬರೆದುಕೊಟ್ಟವರು ಆಮೇಲೆ ಮೂಗು ಮುಚ್ಚಿಕೊಂಡರೆ ಏನು ಬಂತು?