ಸ್ಲೀಪರೋ, ಟೈಯೋ? ರೈಲು ಹಳಿಯ ಪದಗಳೂ ನಮ್ಮ ಲೆಕ್ಕವೂ



ಚಾರ್ಟರ್ಡ್ ಅಕೌಂಟೆಂಟ್‌ಗೂ ರೈಲು ಹಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಿಲ್ಲಿನದು. ನಾವಿರುವ ಕೊಲ್ಲಿ ದೇಶಗಳ ರೈಲು ಕಾಮಗಾರಿಗಳಲ್ಲಿ ಬ್ರಿಟನ್ನಿನಲ್ಲಿ ಪಳಗಿದವರು, ಅಮೆರಿಕದಲ್ಲಿ ಪಳಗಿದವರು, ಭಾರತೀಯ ರೈಲ್ವೆಯಿಂದ ಬಂದವರು ಒಂದೇ ಕಡತದ ಮೇಲೆ ಕೆಲಸ ಮಾಡುವುದುಂಟು. ಎಲ್ಲರೂ ಬರೆಯುವುದು ಇಂಗ್ಲಿಷೇ; ಆದರೆ ಒಂದೇ ಇಂಗ್ಲಿಷಲ್ಲ.

ಕಂಬಿಗಳ ಕೆಳಗೆ ಅಡ್ಡಲಾಗಿ ಹಾಸುವ ಮರದ ಅಥವಾ ಕಾಂಕ್ರೀಟಿನ ತೊಲೆ ಬ್ರಿಟನ್ನಿಗೂ ಭಾರತಕ್ಕೂ ಸ್ಲೀಪರ್, ಅಮೆರಿಕಕ್ಕೆ ಟೈ. ಎರಡು ಕಂಬಿಗಳ ತುದಿಗಳನ್ನು ಜೋಡಿಸುವ ಉಕ್ಕಿನ ಪಟ್ಟಿ ನಮಗೆ ಫಿಶ್‌ಪ್ಲೇಟ್, ಅವರಿಗೆ ಜಾಯಿಂಟ್ ಬಾರ್. ಇಂಥವುಗಳಿಗೆ ನಾನು ಹೆದರುವುದಿಲ್ಲ. ಗೊತ್ತಿಲ್ಲದ ಪದ ಕಂಡರೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಮೋಸ ಮಾಡುವುದು ಗೊತ್ತಿರುವ ಪದವೇ. ‘ಕ್ರಾಸಿಂಗ್’ ತೆಗೆದುಕೊಳ್ಳಿ. ಒಂದು ಮಾರ್ಗದಿಂದ ಇನ್ನೊಂದಕ್ಕೆ ರೈಲು ತಿರುಗುವ ಜಾಗದಲ್ಲಿ, ಎರಡು ಕಂಬಿಗಳು ಒಂದನ್ನೊಂದು ಹಾಯುವ ಕಡೆ ಇರುವ ಉಕ್ಕಿನ ಭಾಗವನ್ನು ಬ್ರಿಟಿಷರೂ ನಮ್ಮವರೂ ಕ್ರಾಸಿಂಗ್ ಎನ್ನುತ್ತಾರೆ. ಅಮೆರಿಕದವರು ಅದನ್ನು ಕರೆಯುವುದು ಫ್ರಾಗ್, ಅಂದರೆ ಕಪ್ಪೆ! ಅವರಿಗೆ ಕ್ರಾಸಿಂಗ್ ಎಂದರೆ ರಸ್ತೆ ಹಳಿಯನ್ನು ದಾಟುವ ಜಾಗ, ಇಲ್ಲವೇ ಎರಡು ರೈಲು ಮಾರ್ಗಗಳು ಒಂದನ್ನೊಂದು ಹಾದುಹೋಗುವ ಜಾಗ. ಬೆಲೆಪಟ್ಟಿಯಲ್ಲಿ ‘ಕ್ರಾಸಿಂಗ್ 6’ ಎಂದಷ್ಟೇ ಇದ್ದರೆ, ಆರು ಉಕ್ಕಿನ ಭಾಗಗಳೋ, ಗೇಟು ದೀಪ ಸಮೇತ ಆರು ಲೆವೆಲ್ ಕ್ರಾಸಿಂಗುಗಳೋ?

‘ಕ್ಯಾಂಟ್’ ಇನ್ನೂ ಸೂಕ್ಷ್ಮ. ತಿರುವಿನಲ್ಲಿ ಹೊರಗಿನ ಕಂಬಿಯನ್ನು ಒಳಗಿನದಕ್ಕಿಂತ ಎತ್ತರಿಸುವುದು ಬ್ರಿಟಿಷ್ ಕ್ಯಾಂಟ್. ಅಮೆರಿಕದಲ್ಲಿ ಅದು ಸೂಪರ್‌ಎಲಿವೇಶನ್. ಅಲ್ಲಿ ಕ್ಯಾಂಟ್ ಎಂದರೆ ಕಂಬಿಯೇ ಒಳಮುಖವಾಗಿ ವಾಲಿರುವ ಓರೆ, ಸಾಮಾನ್ಯವಾಗಿ 40ಕ್ಕೆ 1.

‘ಗೇಜ್’ ಎಂಬುದನ್ನು ಕನ್ನಡದಲ್ಲಿ ಬರೆದರೆ ತಕರಾರೇ ಇಲ್ಲ. ಇಂಗ್ಲಿಷಿನಲ್ಲಿ ಬ್ರಿಟಿಷರು ನಡುವೆ ‘ಯು’ ಅಕ್ಷರ ಹಾಕುತ್ತಾರೆ, ಅಮೆರಿಕ ಸರ್ಕಾರದ ಹಳಿ ಸುರಕ್ಷತಾ ನಿಯಮಗಳು ಅದನ್ನು ಬಿಡುತ್ತವೆ. ಸ್ಟ್ಯಾಂಡರ್ಡ್ ಗೇಜಿನ 1435 ಮಿ.ಮೀ. ಎರಡೂ ಕಡೆ ಅಷ್ಟೇ. ಕಡತಗಳಲ್ಲಿ ಹುಡುಕುವಾಗ ಮಾತ್ರ ಎರಡೂ ಕಾಗುಣಿತ ಕೊಡಿ.

ನನ್ನಂಥವರ ನಿದ್ದೆ ಕೆಡಿಸುವ ಕಾಗುಣಿತ ಟನ್ನಿನದು. ಕೊನೆಯಲ್ಲಿ ಎರಡು ಅಕ್ಷರ ಹೆಚ್ಚಿಗೆ ಬರೆದರೆ ಅದು ಮೆಟ್ರಿಕ್ ಟನ್, 1000 ಕಿ.ಗ್ರಾಂ. ಆ ಅಕ್ಷರಗಳಿಲ್ಲದಿದ್ದರೆ ಅಮೆರಿಕದಲ್ಲಿ ಸುಮಾರು 907, ಬ್ರಿಟನ್ನಿನ ಹಳೆಯ ಅಳತೆಯಲ್ಲಿ ಸುಮಾರು 1016. ಸ್ಲೀಪರುಗಳ ಕೆಳಗೆ ತುಂಬುವ ಜಲ್ಲಿಗೆ 10,000 ಟನ್ ಎಂದು ಬಿಲ್ ಬಂದರೆ, ಅಮೆರಿಕದ ಲೆಕ್ಕದಲ್ಲಿ ಇಳಿಯುವುದು ಸುಮಾರು 9,072 ಮೆಟ್ರಿಕ್ ಟನ್. ಹಾಗಾಗಿ ಒಪ್ಪಂದ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಮೊತ್ತದ ಪುಟವನ್ನಲ್ಲ, ವ್ಯಾಖ್ಯೆಗಳ ಪುಟವನ್ನು.

ನಮ್ಮ ಕನ್ನಡವೂ ಇದಕ್ಕೆ ಹೊರತಲ್ಲ. ‘ಹಳಿ’ ಎಂದರೆ ಒಂದು ಕಂಬಿಯೂ ಹೌದು, ಜೋಡಿ ಕಂಬಿಯ ಇಡೀ ಮಾರ್ಗವೂ ಹೌದು. ಮೀಟರಿಗೆ 60 ಕಿ.ಗ್ರಾಂ ತೂಗುವ ಕಂಬಿಯಾದರೆ, ‘ಒಂದು ಕಿ.ಮೀ. ಹಳಿ’ಗೆ ಒಬ್ಬರು 60 ಟನ್ ಉಕ್ಕು ಬರೆಯುತ್ತಾರೆ, ಇನ್ನೊಬ್ಬರು 120. ಜೋಡಿ ಮಾರ್ಗದ ಉದ್ದವನ್ನು ಮನಸ್ಸಿನಲ್ಲಿಟ್ಟುಕೊಂಡವರು 240 ಬರೆಯುತ್ತಾರೆ. ಮೂವರ ಗುಣಾಕಾರವೂ ಸರಿಯೇ.