ಸೀಸೆಯೊಂದು, ಸ್ವರವೆರಡು

ಬೇಸಗೆಯ ರಜೆಯಲ್ಲಿ ಮನೆಯ ಮಕ್ಕಳನ್ನು ಕೂಡಿಸಿಕೊಂಡು ನಾವು ಜಲತರಂಗವೊಂದನ್ನು ಅಣಿಮಾಡಲು ತೊಡಗಿದೆವು. ಕಛೇರಿಗಳಲ್ಲಿ ಬಳಸುವ ಪಿಂಗಾಣಿ ಬಟ್ಟಲುಗಳು ನಮ್ಮಲ್ಲಿರಲಿಲ್ಲ. ಗಾಜಿನ ಲೋಟಗಳು, ಷರಬತ್ತಿನ ಖಾಲಿ ಸೀಸೆಗಳು, ಬಡಿಯಲು ಮರದ ಸೌಟು, ಇಷ್ಟೇ ಸಾಮಗ್ರಿ. ನೀರು ಹೆಚ್ಚಿದಂತೆ ಸ್ವರ ತಗ್ಗುವುದೆಂದು ನಾವು ಮೊದಲೇ ಹೇಳಿಬಿಟ್ಟೆವು. ಲೋಟಗಳು ನಮ್ಮ ಮಾತನ್ನು ಉಳಿಸಿದವು. ಆದರೆ ಹುಡುಗನೊಬ್ಬನು ಸೀಸೆಯ ಬಾಯಿಗೆ ತುಟಿಯಿಟ್ಟು ಊದಿ, “ಮಾವ, ಇಲ್ಲಿ ನೀರು ಹೆಚ್ಚಿದರೆ ಸ್ವರ ಏರುತ್ತದಲ್ಲ!” ಎಂದನು. ಅದೇ ಸೀಸೆ, ಅದೇ ನೀರು. ನಮ್ಮ ನಿಯಮ ಸುಳ್ಳಾಯಿತೆ?

ಕಂಪಿಸುವ ವಸ್ತು ಯಾವುದೆಂದು ವಿಚಾರಿಸದೆ ನಿಯಮ ಹೇಳಿದುದೇ ನಮ್ಮ ತಪ್ಪು. ಬಡಿದಾಗ ನಡುಗುವುದು ಗಾಜಿನ ಗೋಡೆ. ಅದಕ್ಕೆ ತಾಗಿದ ನೀರೂ ಅದರೊಡನೆ ಅಲುಗಬೇಕಾದುದರಿಂದ ಭಾರ ಹೆಚ್ಚಿ ಕಂಪನ ನಿಧಾನವಾಗುತ್ತದೆ. ಲೋಟದ ಅಂಚು ಹೆಚ್ಚಾಗಿಯೂ ತಳ ಅತ್ಯಲ್ಪವಾಗಿಯೂ ಅಲುಗುವುದಷ್ಟೆ. ಆದುದರಿಂದ ತಳದಲ್ಲಿ ಸುರಿದ ನೀರು ಸ್ವರವನ್ನು ಅಷ್ಟಾಗಿ ಬದಲಿಸದು. ಅಂಚಿನ ಸಮೀಪದಲ್ಲಾದರೋ ಒಂದು ಚಮಚ ನೀರೂ ಕಿವಿಗೆ ತಿಳಿಯುತ್ತದೆ. ಶ್ರುತಿಗೂಡಿಸುವವರು ಅಲ್ಲಿ ಹನಿಹನಿಯಾಗಿ ಸುರಿಯುವುದು ಲೇಸು.

ಊದಿದಾಗ ಕಂಪಿಸುವುದು ಗಾಜಲ್ಲ, ಗಾಳಿ. ಸೀಸೆಯ ಕೊರಳಿನಲ್ಲಿರುವ ಗಾಳಿ ಬಿರಡೆಯಂತೆ ಒಳಕ್ಕೂ ಹೊರಕ್ಕೂ ಆಡುತ್ತದೆ. ಹೊಟ್ಟೆಯೊಳಗಿನ ಗಾಳಿ ಅದಕ್ಕೆ ಸ್ಪ್ರಿಂಗಿನಂತೆ ವರ್ತಿಸುತ್ತದೆ. ನೀರು ಸುರಿದಷ್ಟೂ ಒಳಗಿನ ಗಾಳಿ ಕಡಮೆಯಾಗಿ ಸ್ಪ್ರಿಂಗು ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಇಂತಹ ಪಾತ್ರೆಗಳಿಗೆ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್‌ನ (1821–1894) ಹೆಸರೇ ನಿಂತಿದೆ. ನಾದವನ್ನು ಕುರಿತ ಆತನ ಮಹಾಗ್ರಂಥ 1863ರಲ್ಲಿ ಪ್ರಕಟವಾಯಿತು.

ಒಳಗಿನ ಗಾಳಿಯನ್ನು ಅರ್ಧಕ್ಕಿಳಿಸಿದರೆ ಮೇಲಿನ ಷಡ್ಜ ದೊರೆಯಬೇಕೆಂದು ಹುಡುಗಿಯೊಬ್ಬಳು ವಾದಿಸಿದಳು. ವೀಣೆಯ ತಂತಿಯನ್ನು ಕಂಡವರು ಹಾಗೆಣಿಸುವುದು ಸಹಜವೇ. ಆದರೆ ಸೀಸೆಯ ಆವೃತ್ತಿಯು ಗಾಳಿಯ ಗಾತ್ರದ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಬರಿದಾದ ಸೀಸೆಯಲ್ಲಿ 900 ಮಿಲಿಲೀಟರ್ ಗಾಳಿಯಿದೆಯೆನ್ನೋಣ. ಅದರ ಸ್ವರವೇ ನಮ್ಮ ಷಡ್ಜ. 450 ಮಿಲಿಲೀಟರ್ ನೀರು ಸುರಿದರೆ ಆವೃತ್ತಿ 1.41ರಷ್ಟಾಗುತ್ತದೆ. ಹುಡುಗಿಗೆ ಕೇಳಿಬಂದದ್ದು ಮೇಲಿನ ಷಡ್ಜವಲ್ಲ, ಪ್ರತಿಮಧ್ಯಮ! ಪಂಚಮಕ್ಕೆ ಆವೃತ್ತಿ ಒಂದೂವರೆಯಷ್ಟಾಗಬೇಕು. ಗಾಳಿ ಒಂಬತ್ತರಲ್ಲಿ ನಾಲ್ಕು ಪಾಲು, ಎಂದರೆ 400 ಉಳಿಯಬೇಕು. 500 ಮಿಲಿಲೀಟರ್ ನೀರು ಸುರಿದರಾಯಿತು. ಮೇಲಿನ ಷಡ್ಜಕ್ಕೆ ಕಾಲುಭಾಗ ಗಾಳಿ ಸಾಕು, ನೀರು 675. ನೀರು ಕೊರಳಿಗೆ ತಾಗಿತೋ, ಈ ಲೆಕ್ಕ ಕೆಡುತ್ತದೆ.

ಹುಡುಗಿ ಸೋಲನ್ನು ಸುಲಭವಾಗಿ ಒಪ್ಪಲಿಲ್ಲ. ಪ್ರಯೋಗಶಾಲೆಯ ಪರೀಕ್ಷಾನಳಿಕೆಯೊಂದನ್ನು ಅವಳ ಕೈಗಿತ್ತೆವು. ಕೊರಳಿಲ್ಲದ ಆ ನಳಿಕೆಗೆ ಅರ್ಧ ನೀರು ತುಂಬಿ ಊದಿದಳು. ಬಹುಮಟ್ಟಿಗೆ ಅವಳ ಮೇಲಿನ ಷಡ್ಜವೇ ಬಂದಿತು.