ಮದೀನಾದ ಅಳತೆ, ಮಕ್ಕಾದ ತೂಕ



ಸೂರಃ ಅಲ್ ಹುಜುರಾತ್‌ನ 13ನೇ ಸೂಕ್ತವನ್ನು ನಿಕಾಹ್ ಸಭೆಗಳಲ್ಲಿ, ಸೌಹಾರ್ದ ಸಭೆಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಅಲ್ಲಾಹನು ಮನುಷ್ಯರನ್ನು ಜನಾಂಗ, ಗೋತ್ರಗಳನ್ನಾಗಿ ಮಾಡಿದ್ದು ಅವರು ಪರಸ್ಪರ ಅರಿಯಲಿಕ್ಕಾಗಿ ಎಂದು ಅದರಲ್ಲಿದೆ. 'ಅರಿಯುವುದು' ಎಂಬುದಕ್ಕೆ ಅಲ್ಲಿ ಬಂದ ಅರಬಿ ಪದದ ಮೂಲದಿಂದಲೇ 'ಉರ್ಫ್' ಎಂಬ ಪದವೂ ಬಂದಿದೆ. ಉರ್ಫ್ ಎಂದರೆ ಒಂದು ಊರಿನ ರೂಢಿ. ಒಬ್ಬನನ್ನು ಅರಿಯಬೇಕಾದರೆ ಅವನ ರೂಢಿಯನ್ನೂ ಅರಿಯಬೇಕಲ್ಲವೇ?

ಒಮ್ಮೆ ಮೈಮೂನಾ(ರ)ರ ಮನೆಯಲ್ಲಿ ಪ್ರವಾದಿ(ಸ)ರ ಮುಂದೆ ಮರುಭೂಮಿಯ ಉಡದಂಥ ಪ್ರಾಣಿಯ ಮಾಂಸ ಬಂತು. ಅವರು ಕೈ ಹಿಂದೆಗೆದರು. ಇದು ಹರಾಮೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಅಲ್ಲ, ನಮ್ಮ ಕಡೆ ಇದು ಇಲ್ಲ, ಹಾಗಾಗಿ ಮನಸ್ಸು ಒಪ್ಪುತ್ತಿಲ್ಲ ಎಂಬರ್ಥದ ಉತ್ತರ ಬಂತು. ಖಾಲಿದ್(ರ) ಅವರ ಎದುರಲ್ಲೇ ತಿಂದರು.

ಈ ಹದೀಸ್ ನೆನಪಾದದ್ದು ನಮ್ಮ ಜಮಾಅತಿನ ಎರಡು ಮನೆಗಳಿಂದ. ಮದುಮಗನದು ಹನಫೀ ಕುಟುಂಬ, ಹೆಣ್ಣಿನ ಕಡೆಯವರು ಶಾಫಿಈ. ಮೊದಲ ಔತಣದಲ್ಲೇ ಅಳಿಯ ಸಿಗಡಿ ಸಾರನ್ನು ಪಕ್ಕಕ್ಕೆ ಸರಿಸಿದ. ಸಿಗಡಿ ಮೀನೋ ಅಲ್ಲವೋ ಎಂಬ ಚರ್ಚೆ ಹನಫೀ ವಿದ್ವಾಂಸರಲ್ಲಿ ಹಳೆಯದು. ಶಾಫಿಈ ಮದ್‌ಹಬ್‌ನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ಅತ್ತೆಗೆ ಕಂಡದ್ದು ಅವಮಾನ. ಅಳಿಯನಾದರೂ ಕಾರಣವನ್ನು ಮೆಲ್ಲಗೆ ಹೇಳಬಹುದಿತ್ತು. ಹೇಳಲಿಲ್ಲ.

ಇನ್ನು ವ್ಯಾಪಾರ. ಮಕ್ಕಾದವರು ವ್ಯಾಪಾರಿಗಳು, ಅವರದು ತೂಕದ ಲೆಕ್ಕ. ಮದೀನಾದವರು ಖರ್ಜೂರದ ರೈತರು, ಅವರದು ಅಳತೆಯ ಲೆಕ್ಕ. ತೂಕಕ್ಕೆ ಮಕ್ಕಾದ ರೂಢಿಯನ್ನೂ ಅಳತೆಗೆ ಮದೀನಾದ ರೂಢಿಯನ್ನೂ ಪ್ರವಾದಿ(ಸ) ಪ್ರಮಾಣವಾಗಿಟ್ಟರು. ಮದೀನಾದಲ್ಲಿ ಒಂದೆರಡು ವರ್ಷ ಮುಂಚಿತವಾಗಿಯೇ ಫಲಕ್ಕೆ ಹಣ ಕೊಡುವ ಪದ್ಧತಿಯಿತ್ತು. ಅದನ್ನೂ ಅಳಿಸಲಿಲ್ಲ, ಅಳತೆ, ತೂಕ, ಅವಧಿ ನಿಶ್ಚಿತವಾಗಿರಲಿ ಎಂದರು. ಮುದ್ರೆಯಿಲ್ಲದ ಪತ್ರವನ್ನು ರೋಮನರು ಓದುವುದಿಲ್ಲ ಎಂದು ತಿಳಿದಾಗ ಬೆಳ್ಳಿಯ ಮುದ್ರೆಯುಂಗುರ ಮಾಡಿಸಿಕೊಂಡರು. ಪತ್ರದೊಳಗಿನ ಸಂದೇಶವನ್ನೇನೂ ಬದಲಿಸಲಿಲ್ಲ.

ಕಳೆದ ತಿಂಗಳು ಅಡಿಕೆ ವ್ಯಾಪಾರದ ಯುವಕನೊಬ್ಬ ನನ್ನಲ್ಲಿಗೆ ಬಂದ. ಶುಕ್ರವಾರ ಸಂಜೆ ಒಬ್ಬ ಹಿರಿಯ ಹಿಂದೂ ಕೃಷಿಕರ ಮನೆಗೆ ಹೋಗಿ, ಮುಂಗಡವಾಗಿ ಕೊಟ್ಟಿದ್ದರಲ್ಲಿ ಉಳಿದ ಹಣ ವಾಪಸು ಕೇಳಿದ್ದನಂತೆ. ಅವರು "ನಾಳೆ ಬಾ ಮಗಾ" ಎಂದರಂತೆ. ಇವನು ಸತಾಯಿಸುತ್ತಿದ್ದಾರೆಂದು ದನಿಯೇರಿಸಿ ಬಂದಿದ್ದ. ಶುಕ್ರವಾರ, ಅದರಲ್ಲೂ ದೀಪ ಹಚ್ಚಿದ ಮೇಲೆ, ಲಕ್ಷ್ಮಿ ಹೊರಗೆ ಹೋಗುತ್ತಾಳೆಂದು ಎಷ್ಟೋ ಮನೆಗಳಲ್ಲಿ ಹಣ ಕೊಡುವುದಿಲ್ಲ. ಇಷ್ಟು ವರ್ಷ ಅವರ ನಡುವೆ ಬದುಕಿದವನಿಗೆ ಇದು ಗೊತ್ತಿರಲಿಲ್ಲ! ಆ ನಂಬಿಕೆ ನಮ್ಮದಲ್ಲ, ಅದನ್ನು ಒಪ್ಪೆಂದು ಅವರು ಕೇಳಲೂ ಇಲ್ಲ. ಕೇಳಿದ್ದು ಒಂದು ರಾತ್ರಿಯ ತಾಳ್ಮೆ. ಅದೇ ಶುಕ್ರವಾರ ಮಧ್ಯಾಹ್ನ ಜುಮಾಕ್ಕೆಂದು ಇವನು ಅಂಗಡಿಯ ಬಾಗಿಲೆಳೆದಾಗ, ಅದೇ ಹಿರಿಯರು ಅಡಿಕೆ ಮೂಟೆಯೊಂದಿಗೆ ಜಗಲಿಯಲ್ಲಿ ಕಾದಿದ್ದರು.

ಹಾಗೆಂದು ಎಲ್ಲ ರೂಢಿಗೂ ತಲೆಯಾಡಿಸಲಾಗದು. ಬಡ್ಡಿ, ಕಲಬೆರಕೆ, ಸುಳ್ಳು ಲೆಕ್ಕ ಯಾರ ರೂಢಿಯಾದರೂ ಸಲ್ಲದು. ಆರಾಧನೆಯಲ್ಲಿ ನಾವು ಪಾಲುಗೊಳ್ಳುವುದಿಲ್ಲ. ಅದನ್ನು ವಿನಯದಿಂದ ಮೊದಲೇ ತಿಳಿಸಿದರೆ ನೆರೆಯವರು ಬೇಸರಿಸುವುದೂ ಇಲ್ಲ.

ಯುವಕ ಶನಿವಾರ ಹೋಗಿ ಹಣ ತಂದ, ಕ್ಷಮೆಯನ್ನೂ ಕೇಳಿದ. ಸಿಗಡಿಯ ಎರಡು ಮನೆಗಳ ನಡುವೆ ಮಾತು ಇನ್ನೂ ಶುರುವಾಗಿಲ್ಲ. ಇನ್‌ಶಾ ಅಲ್ಲಾಹ್, ಈ ವಾರ ಎರಡೂ ಕಡೆ ನಾನೇ ಹೋಗುವವನಿದ್ದೇನೆ.